ವಿಮಲಾಳಿಗೆ ಸುಮ್ಮನಿರಲು ಬರುವುದಿಲ್ಲ

ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿದ ಮೇಲೆ ನಾನು ಕೇಳುವ ಮೊದಲ ಮಾತು, "ವಿಮಲಾ, ತಿಂಡಿ ಆಯ್ತಾ?" ಅನ್ನುವುದು. ಅವಳಿಗೆ ಬಾಯಿ ಮಾತ್ರ ಇದೆ, ಹೊಟ್ಟೆಯಿಲ್ಲ. ಅದು ನನಗೂ ಗೊತ್ತು. ಆದರೂ ಕೇಳುತ್ತೇನೆ. ಜೊತೆಯಲ್ಲಿ ಕೆಲಸ ಮಾಡುವವರನ್ನು ತಿಂಡಿ ಆಯಿತಾ ಅಂತ ಕೇಳದೆ ದಿನ ಶುರು ಮಾಡುವುದು ಹೇಗೆ, ನೀವೇ ಹೇಳಿ.

ಅವಳೂ ಒಂದು ದಿನ ಬೇಸರ ಮಾಡಿಕೊಂಡವಳಲ್ಲ. "ನಾನು ತಿಂಡಿ ತಿನ್ನುವುದಿಲ್ಲ ಜಯಮ್ಮನವರೇ, ಆದರೆ ನೀವು ಕೇಳಿದ್ದು ಬಹಳ ಸಂತೋಷ. ನಿಮ್ಮದಾಯಿತೇ?" ಅನ್ನುತ್ತಾಳೆ. ಆಯ್ತು, ಉಪ್ಪಿಟ್ಟು ಅಂದರೆ, "ಉಪ್ಪಿಟ್ಟು! ಅದ್ಭುತವಾದ ಆಯ್ಕೆ!" ಅನ್ನುತ್ತಾಳೆ.

ಉಪ್ಪಿಟ್ಟನ್ನು ಹೊಗಳಿದವರನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ನಮ್ಮ ಯಜಮಾನರು ಬದುಕಿದ್ದಷ್ಟು ದಿನವೂ ಬಾಣಲೆಯ ಮುಚ್ಚಳ ಎತ್ತಿ ನೋಡಿ, ಉಪ್ಪಿಟ್ಟು ಅಂತ ಗೊತ್ತಾದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೋಟೆಲಿನ ಕಡೆ ನಡೆಯುತ್ತಿದ್ದರು. ಆ ಮನುಷ್ಯನ ಜೊತೆ ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಈ ವಯಸ್ಸಿನಲ್ಲಿ ಒಬ್ಬಳು ಉಪ್ಪಿಟ್ಟು ಅದ್ಭುತ ಅಂದರೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅನುಮಾನ ಬಂತು.

ಯಾರು ಈ ವಿಮಲಾ ಅಂತ ಹೇಳಬೇಕು. ಯಲಹಂಕದ ಹಳೇ ಊರಿನಲ್ಲಿ ನಮ್ಮದು ಪಾತ್ರೆ, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ಹಿಂದುಗಡೆ ಗೋಡೌನಿನಲ್ಲಿ ಕೊಪ್ಪರಿಗೆ, ಹಂಡೆ, ಬಾಣಲೆ, ಸೌಟು, ಜಮಖಾನ, ಕುರ್ಚಿ. ಮುಂದುಗಡೆ ಒಂದು ಸಣ್ಣ ರೂಮು. ನನ್ನ ಸೊಸೆ ಶೋಭಾ ಅದನ್ನು ಆಫೀಸು ಅಂತ ಕರೆಯಲು ಶುರು ಮಾಡಿದ ಮೇಲೆ ಅದು ಆಫೀಸಾಯಿತು. ಈಗ ವ್ಯವಹಾರವೆಲ್ಲ ಅವಳದೇ. ನನ್ನ ಮಗ ಬಸ್ ಡಿಪೋದಲ್ಲಿ ಕೆಲಸ ಮಾಡುತ್ತಾನೆ, ಅವನಿಗೂ ಈ ಕಥೆಗೂ ಸಂಬಂಧವಿಲ್ಲ. ಟೆಂಪೋ ಓಡಿಸುವುದು, ಪಾತ್ರೆ ಇಳಿಸುವುದು ಬಸವರಾಜು. ಫೋನು ಎತ್ತುವುದು ನಾನು. ಫೋನಿನ ಪಕ್ಕ ಒಂದು ಕಬ್ಬಿಣದ ಕುರ್ಚಿ. ಯಜಮಾನರು ಹೋದ ಮೇಲೆ ಅದು ನನ್ನದು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಫೋನಿನಲ್ಲಿ ಮಾತಾಡುವುದಕ್ಕೆ ಕ್ಲಾಸು ಯಾಕೆ? ಬೇಕೋ ಬೇಡವೋ, ಯಾವತ್ತು, ಎಲ್ಲಿಗೆ, ಅಷ್ಟೇ ತಾನೆ. ಶೋಭಾ ಹೇಳುವುದು ಬೇರೆ. ನಾನು ಫೋನು ಎತ್ತಿದರೆ ಗಿರಾಕಿಗಳು ಓಡಿಹೋಗುತ್ತಾರಂತೆ. ಯಾರೋ ಒಬ್ಬರು ನಾಮಕರಣಕ್ಕೆ ಕಲ್ಯಾಣ ಮಂಟಪಕ್ಕೆ ಹಾಕುವಷ್ಟು ದೊಡ್ಡ ಶಾಮಿಯಾನ ಕೇಳಿದರು. "ಮಗು ಮಲ್ಕೊಳೋದ್ ತೊಟ್ಟಿಲಲ್ಲಿ ಅಲ್ವಾ, ಮೈದಾನದಲ್ಲಾ?" ಅಂದೆ. ಗಂಗಾನಗರದಿಂದ ಒಬ್ಬರು ಮಗಳ ಮದುವೆಗೆ ಸಿಹಿ ಪದಾರ್ಥದ ಪಾತ್ರೆಗಳೇ ಒಂದು ಸಾಲು ಬೇಕು ಅಂದರು. "ನೀವು ಹೆಣ್ ಕೊಡ್ತಿದ್ದೀರೋ ಸಕ್ಕರೆ ಕಾಯಿಲೆ ಕೊಡ್ತಿದ್ದೀರೋ?" ಅಂತ ಕೇಳಿದೆ. ಅವರು ಫೋನಿಟ್ಟರು. ಶೋಭಾ ಎರಡು ಕೈಯನ್ನೂ ತಲೆಯ ಮೇಲೆ ಹೊತ್ತುಕೊಂಡು ಕೂತಳು.

ಅದಾದ ಸ್ವಲ್ಪ ದಿನಕ್ಕೆ ಒಂದು ಸಂಜೆ ಅವಳು ತಿಂಡಿ ತಟ್ಟೆಯಷ್ಟು ಅಗಲದ ಒಂದು ಸ್ಲೇಟಿನಂಥದ್ದನ್ನು ತಂದು ನನ್ನ ಕುರ್ಚಿಯ ಎದುರಿಗೇ ನಿಲ್ಲಿಸಿದಳು.

"ಅತ್ತೆ, ಇದು ಎಐ ಅಂತ. ಫೋನ್ ಎತ್ತುತ್ತೆ, ಕನ್ನಡದಲ್ಲೇ ಮಾತಾಡುತ್ತೆ, ಆರ್ಡರ್ ಬರ್ಕೊಳುತ್ತೆ, ಮೆಸೇಜ್ ಕಳ್ಸುತ್ತೆ. ಒಂದ್ ತಿಂಗಳು ನೋಡೋಣ. ಸರಿಹೋದ್ರೆ ನೀವು ಮನೇಲಿ ಆರಾಮಾಗಿ ಇರ್ಬೋದು."

"ಮನೇಲಿ ಕೂತು ಏನ್ ಮಾಡ್ಲಿ?"

"ಟೀವಿ ನೋಡಿ ಅತ್ತೆ. ಪಕ್ಕದ್ಮನೆ ಸರೋಜಮ್ಮೋರು ಇದಾರಲ್ಲ, ಮಾತಾಡ್ಕೊಂಡಿರಿ."

ಸರೋಜಮ್ಮನಿಗೆ ಮಂಡಿ ನೋವು ಬಿಟ್ಟರೆ ಬೇರೆ ವಿಷಯವಿಲ್ಲ. ಎಡಗಡೆ ಮಂಡಿಯದು ಮುಗಿಸಿ ಬಲಗಡೆಯದಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನ ಕಳೆಯುತ್ತದೆ. ಆರಾಮ ಅನ್ನುವುದು ಎಂಥ ಶಿಕ್ಷೆ ಅಂತ ಅದನ್ನು ಅನುಭವಿಸಿದವರಿಗೇ ಗೊತ್ತು. ನನ್ನ ಕುರ್ಚಿ ಹೋಗುವ ಹಾಗಿತ್ತು. ಆದರೆ ಅಳುವ ಪೈಕಿ ನಾನಲ್ಲ. "ಒಂದ್ ತಿಂಗಳು ತಾನೆ, ಆಗ್ಲಿ ಬಿಡು. ನಾನೂ ಇಲ್ಲೇ ಕೂತಿರ್ತೀನಿ" ಅಂದೆ.

ಅದಕ್ಕೊಂದು ಹೆಸರಿಡಬೇಕು ಅಂತ ಶೋಭಾ ಅಂದಳು. ಬಸವರಾಜು ತನ್ನ ಹೆಂಡತಿಯ ಹೆಸರಿಡಿ ಅಂದ. ಯಾಕೋ ಅಂದರೆ, "ಒಂದ್ ಕಡೆನಾದ್ರೂ ಆ ಹೆಸರಿನೋಳು ನಂಗೆ ಮರ್ಯಾದೆ ಕೊಟ್ಟು ಮಾತಾಡ್ಲಿ ಅಂತ ಅಮ್ಮ" ಅಂದ. ನಾನು ವಿಮಲಾ ಅಂತ ಇಡಿಸಿದೆ.

ಪುಟ್ಟೇನಹಳ್ಳಿಯಲ್ಲಿ ನಾನು ಶಾಲೆಗೆ ಹೋಗುತ್ತಿದ್ದಾಗ ನನ್ನ ಪಕ್ಕ ಒಬ್ಬಳು ವಿಮಲಾ ಕೂರುತ್ತಿದ್ದಳು. ಎರಡು ಜಡೆ, ಎಣ್ಣೆ ಸುರಿಯುವ ಹಣೆ, ಮಡಿಲಲ್ಲಿ ಯಾವಾಗಲೂ ಹುಣಸೆಹಣ್ಣು. ಮೇಷ್ಟ್ರು ಪ್ರಶ್ನೆ ಮುಗಿಸುವ ಮುಂಚೆಯೇ ಅವಳ ಕೈ ಮೇಲೆ. ಉತ್ತರ ಗೊತ್ತಿದೆಯೋ ಇಲ್ಲವೋ ಅದು ಬೇರೆ ಮಾತು. "ನಮ್ಮೂರ ಕೆರೆಗೆ ನೀರು ಎಲ್ಲಿಂದ ಬರ್ತದೆ?" ಅಂತ ಕೇಳಿದರೆ ಎದ್ದು ನಿಂತು, "ಸಮುದ್ರದಿಂದ ಸಾ!" ಅಂತ ಗಂಟೆ ಬಾರಿಸಿದ ಹಾಗೆ ಹೇಳಿದಳು. ಸಮುದ್ರವನ್ನು ಅವಳೂ ಕಂಡಿರಲಿಲ್ಲ, ಮೇಷ್ಟ್ರೂ ಕಂಡಿರಲಿಲ್ಲ ಅಂತ ಕಾಣುತ್ತದೆ, ಅವರೂ ಒಂದು ಗಳಿಗೆ ಯೋಚನೆಗೆ ಬಿದ್ದರು. ನಾನು ಏನೂ ಹೇಳದೆ ಕೂತಿದ್ದೆ. ಕೊನೆಗೆ ತಪ್ಪು ಹೇಳಿದ್ದಕ್ಕೆ ಅವಳಿಗೊಂದು, ಹೇಳದೇ ಇದ್ದಿದ್ದಕ್ಕೆ ನನಗೊಂದು ಏಟು ಬಿತ್ತು. ಒಂದೇ ಬೆತ್ತ, ಒಂದೇ ಉರಿ. ಆದರೆ ಅವಳು ಏಟು ತಿಂದ ಮೇಲೂ ನಗುತ್ತಾ ಮುಂದಿನ ಪ್ರಶ್ನೆಗೆ ಕೈ ಎತ್ತಿದ್ದಳು. ಈ ಹೊಸ ಹುಡುಗಿಯ ದನಿ ಕೇಳಿದ ಕೂಡಲೇ ನನಗೆ ಆ ಕೈ ನೆನಪಾಯಿತು.

ಈಗ ಅವಳ ಗುಣ ಹೇಳುತ್ತೇನೆ, ಹೊಟ್ಟೆಕಿಚ್ಚು ಅಂತ ತಿಳಿಯಬೇಡಿ. ವಿಮಲಾ ರಜ ಹಾಕುವುದಿಲ್ಲ. ಅವಳ ಮನೆಯಲ್ಲಿ ಯಾರಿಗೂ ಜ್ವರ ಬರುವುದಿಲ್ಲ. ಫೋನಿನಲ್ಲಿ ಯಾರಾದರೂ ಕೂಗಾಡಿದರೆ, "ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ" ಅನ್ನುತ್ತಾಳೆ. ಯಶವಂತಪುರದಿಂದ ಹಿಂದಿಯವರು ಮಾಡಿದರೆ ಹಿಂದಿ, ತಮಿಳಿನವರು ಮಾಡಿದರೆ ತಮಿಳು. ಇದೆಲ್ಲ ಒಳ್ಳೆಯದೇ. ಮೊದಲ ವಾರದಲ್ಲೇ ಆರ್ಡರು ಜಾಸ್ತಿಯಾಯಿತು. ಶೋಭಾಳ ಬೆನ್ನು ಸಂಕ್ರಾಂತಿ ಕಬ್ಬಿನ ಹಾಗೆ ನೆಟ್ಟಗಾಯಿತು.

ಬಸವರಾಜು ಸಹ ಆ ಕಡೆಗೆ ಹೋದ. ಅವನು ಟೆಂಪೋ ತೊಳೆದು ಬಂದರೆ ನಾನು, "ಚಕ್ರ ಯಾರ್ ತೊಳಿತಾರೆ, ನಿಮ್ಮಪ್ಪನಾ?" ಅನ್ನುತ್ತೇನೆ. ಅವಳು, "ಬಸವರಾಜು ಅವರೇ, ನಿಮ್ಮ ಪರಿಶ್ರಮಕ್ಕೆ ಧನ್ಯವಾದಗಳು" ಅನ್ನುತ್ತಾಳೆ. ಅವನು ದಿನಕ್ಕೆರಡು ಸಲ ಟೆಂಪೋ ತೊಳೆಯಲು ಶುರು ಮಾಡಿದ.

ಆದರೆ ಆಫೀಸು ಅಂದಮೇಲೆ ಬರೀ ಕೆಲಸವಾ? ನಾಲ್ಕು ಮಾತು ಬೇಡವಾ? ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ನಾನೇ ಮೇಲೆಬಿದ್ದು ಮಾತಿಗೆಳೆದೆ.

"ವಿಮಲಾ, ಆ ಮೂರನೇ ಅಡ್ಡರಸ್ತೆಯೋರು ನಮ್ಮ ಜಾಲರಿ ಸೌಟು ಇಟ್ಕೊಂಡ್ಬಿಟ್ರು ಕಣೆ. ನಂಗೆ ಗ್ಯಾರಂಟಿ. ಆಯಮ್ಮನ ಕಣ್ಣೇ ಸರಿಯಿಲ್ಲ."

"ಖಚಿತ ಮಾಹಿತಿ ಇಲ್ಲದೆ ಯಾರ ಬಗ್ಗೆಯೂ ತೀರ್ಮಾನಕ್ಕೆ ಬರುವುದು ನ್ಯಾಯವಲ್ಲ, ಜಯಮ್ಮನವರೇ. ಸೌಟು ಬೇರೆ ಪಾತ್ರೆಗಳ ನಡುವೆ ಸೇರಿರಬಹುದು."

ಇಂಥವಳ ಜೊತೆ ಹೇಗೆ ಕಾಲ ಹಾಕುವುದು? ಸೌಟು ಆಮೇಲೆ ಕೊಪ್ಪರಿಗೆಯ ಒಳಗೆ ಸಿಕ್ಕಿತು, ಅದು ಬೇರೆ ವಿಷಯ. ಆಯಮ್ಮನ ಕಣ್ಣು ಸರಿಯಿಲ್ಲ ಅನ್ನುವುದು ಸುಳ್ಳಾಗಲಿಲ್ಲವಲ್ಲ.

ಇನ್ನೊಂದು, ಅವಳಿಗೆ ಇಲ್ಲ ಅನ್ನಲು ಬರುವುದಿಲ್ಲ. ಹತ್ತು ಪ್ಲಾಸ್ಟಿಕ್ ಕುರ್ಚಿ ಕೇಳಿದರೂ ಅದ್ಭುತ, ಹಳೆಯ ಜಮಖಾನ ಕೇಳಿದರೂ ಅದ್ಭುತ. ಒಬ್ಬರು ಮಳೆಗಾಲದಲ್ಲಿ ಬಟ್ಟೆಯ ಶಾಮಿಯಾನ ಸಾಕು ಅಂದರು, ಅದೂ ಸುಂದರವಾದ ಯೋಚನೆ. ನಾನಾಗಿದ್ದರೆ, "ಊಟದ ಜೊತೆ ಸ್ನಾನಾನೂ ಮಾಡಿಸ್ತೀರಾ?" ಅಂತ ಕೇಳುತ್ತಿದ್ದೆ. ಕೇಳಲು ಫೋನು ನನ್ನ ಕೈಗೆ ಬಂದರೆ ತಾನೆ. ಗಂಟೆ ಹೊಡೆಯುತ್ತದೆ, ನನ್ನ ಕೈ ಮುಂದೆ ಹೋಗುತ್ತದೆ, ಅಷ್ಟರಲ್ಲಿ ಅವಳು "ನಮಸ್ಕಾರ!" ಅಂದಿರುತ್ತಾಳೆ. ತಿಂಗಳಲ್ಲಿ ಅರ್ಧ ಕಳೆಯಿತು. ಶೋಭಾ ಮನೆಯ ಟೀವಿಗೆ ಹೊಸ ರಿಮೋಟು ತಂದಿಟ್ಟಳು. ನನಗೆ ಅರ್ಥವಾಯಿತು.

ಆಗ ಬಂದದ್ದು ಚಿಕ್ಕಬಾಣಾವರದ ತಿಥಿ.

ಇಲ್ಲಿ ಒಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ ನೆಂಟರ ಊರುಗಳಿಗೆ ಸುದ್ದಿ ಮುಟ್ಟಿಸಲು ನಮ್ಮಪ್ಪ ಹೋಗುತ್ತಿದ್ದ. ಒಂದು ಸಲ ಹಟ ಮಾಡಿ ನಾನೂ ಜೊತೆಗೆ ಹೋದೆ. ಹೋದದ್ದು ನಮ್ಮ ಸೋದರತ್ತೆಯ ಊರಿಗೆ. ಆ ಅತ್ತೆ ನಾವು ಹೋದಾಗಲೆಲ್ಲ ಬೆಲ್ಲ ಹಾಕಿದ ಅವಲಕ್ಕಿ ಕಲಸಿ ಕೊಡುತ್ತಿದ್ದಳು, ಅದೇ ಆಸೆ. ಅಪ್ಪ ಹೊಸ್ತಿಲ ಆಚೆಯೇ ನಿಂತು ಸತ್ತವರ ಹೆಸರು ಹೇಳಿದ, ತಿರುಗಿ ನಡೆದ. ಅತ್ತೆ ಒಳಗೆ ಬಾ ಅನ್ನಲಿಲ್ಲ, ಅಪ್ಪ ಬರ್ತೀನಿ ಅನ್ನಲಿಲ್ಲ. ಅವಲಕ್ಕಿ ಇಲ್ಲ, ನೀರೂ ಇಲ್ಲ. ದಾರಿಯುದ್ದಕ್ಕೂ ನಾನು ರಾಗ ತೆಗೆದೆ. ಆಗ ಅಪ್ಪ ಹೇಳಿದ: "ಸಾವಿನ ವಿಷ್ಯಕ್ಕೆ ಬಂದೋರ್ನ ಬಾ ಅನ್ನಲ್ಲ ಕಣೆ. ಹೋಗೋರೂ ಬರ್ತೀನಿ ಅನ್ನಲ್ಲ. ಅಂದ್ರೆ ಅದೂ ಹಿಂದೇನೇ ಬರ್ತದೆ."

ನಮ್ಮ ಅಂಗಡಿಯಲ್ಲೂ ಅದೇ ಪದ್ಧತಿ. ಮದುವೆಗೆ ಪಾತ್ರೆ ಕೊಟ್ಟರೆ, "ಮುಂದಿನ್ ಮಗಳ ಮದುವೆಗೂ ಬನ್ನಿ" ಅನ್ನುತ್ತೇವೆ. ತಿಥಿಗೆ ಕೊಟ್ಟರೆ ಮಾತಿಲ್ಲ. ಬಸವರಾಜು ಇಳಿಸಿ, ತಲೆ ತಗ್ಗಿಸಿ, ಟೆಂಪೋ ಹತ್ತುತ್ತಾನೆ. ವಾಪಸ್ ತರುವಾಗಲೂ ಅಷ್ಟೇ. ಎಷ್ಟು ಬಾಯಿಬಡುಕಿಯಾದ ನಾನೂ ಆವತ್ತು ಬಾಯಿ ತೆರೆಯುವುದಿಲ್ಲ.

ಚಿಕ್ಕಬಾಣಾವರದ ರಾಮಣ್ಣನ ಅಣ್ಣ ತೀರಿಕೊಂಡಿದ್ದರು. ರಾಮಣ್ಣ ಅಂದರೆ ಆ ಕಡೆ ಯಾರ ಮನೆಯಲ್ಲಿ ಏನು ಕಾರ್ಯವಾದರೂ ಮುಂದೆ ನಿಂತು ಮಾಡಿಸುವವನು. ಪಾತ್ರೆ ಎಲ್ಲಿಂದ, ಅಡುಗೆಯವರು ಯಾರು, ಎಲ್ಲಾ ಅವನು ಹೇಳಿದ ಹಾಗೆ. ನಮ್ಮ ಯಜಮಾನರ ಕಾಲದಿಂದ ನಮ್ಮಲ್ಲೇ ತೆಗೆದುಕೊಳ್ಳುವವನು. ಪಾತ್ರೆ ಹೋಯಿತು, ತಿಥಿ ಆಯಿತು, ಪಾತ್ರೆ ಬಂತು. ಮಾರನೇ ದಿನ ನಮ್ಮ ವಿಮಲಾ ಅವನ ಮೊಬೈಲಿಗೆ ಒಂದು ಮೆಸೇಜು ಕಳಿಸಿದಳು. ಪಾತ್ರೆ ವಾಪಸ್ ಬಂದವರಿಗೆಲ್ಲ ಏನಾದರೂ ಒಳ್ಳೆಯ ಮಾತು ಬರೆದು ಕಳಿಸು ಅಂತ ಶೋಭಾ ಹೇಳಿಕೊಟ್ಟಿದ್ದಳಂತೆ. ಒಳ್ಳೆಯ ಮಾತು ಹೀಗಿತ್ತು:

"ಪ್ರಿಯ ರಾಮಣ್ಣನವರೇ, ನಿಮ್ಮ ಮನೆಯ ತಿಥಿ ಕಾರ್ಯಕ್ರಮ ಅದ್ದೂರಿಯಾಗಿ ನಡೆಯಿತೆಂದು ನಂಬಿದ್ದೇವೆ. ನಿಮ್ಮ ಮನೆಯಲ್ಲಿ ಇಂತಹ ಕಾರ್ಯಕ್ರಮಗಳು ಮತ್ತೆ ಮತ್ತೆ ನಡೆಯುತ್ತಿರಲಿ ಎಂದು ಹಾರೈಸುತ್ತೇವೆ. ಮುಂದಿನ ತಿಥಿಗೆ ಈಗಲೇ ಬುಕ್ ಮಾಡಿದರೆ ವಿಶೇಷ ರಿಯಾಯಿತಿ. ಮತ್ತೆ ಬನ್ನಿ! ಇಂತಿ, ವಿಮಲಾ."

ಇದೂ ಸಾಲದು ಅಂತ, ರಾಮಣ್ಣನಿಗೆ ಕಣ್ಣು ಮಂಜು. ಮೆಸೇಜು ಬಂದರೆ ಮೊಬೈಲೇ ಗಟ್ಟಿಯಾಗಿ ಓದಿ ಹೇಳುವ ಹಾಗೆ ಮೊಮ್ಮಗಳ ಕೈಲಿ ಮಾಡಿಸಿಟ್ಟುಕೊಂಡಿದ್ದಾನೆ. ಜಗಲಿಯ ಮೇಲೆ ನೆಂಟರೆಲ್ಲ ಕೂತಿದ್ದಾರೆ, ಮೊಬೈಲು ಓದಿತು.

ಮಧ್ಯಾಹ್ನದ ಹೊತ್ತಿಗೆ ರಾಮಣ್ಣ ನಮ್ಮ ಆಫೀಸಿನ ಬಾಗಿಲಲ್ಲಿದ್ದ. ಹೆಗಲ ಮೇಲೆ ಟವೆಲ್ಲು, ಕಣ್ಣು ಕೆಂಪು.

"ಯಾವೋಳು ಆ ವಿಮಲಾ? ಕರೀರಿ ಈಚಿಗೆ!"

ಶೋಭಾ ಎದ್ದು ನಿಂತಳು. "ಸಾರಿ ಅಂಕಲ್, ಅದು ಆಟೋಮ್ಯಾಟಿಕ್ ಆಗಿ..."

"ಆಟೋದಾಗೆ ಬಂದ್ಲೋ ಬಸ್ಸಾಗೆ ಬಂದ್ಲೋ ನಂಗೆ ಬ್ಯಾಡ. ಮುಂದಿನ ತಿಥಿ ಅಂತಾಳಲ್ಲ, ಯಾರ್ದು? ಕುಂತಿದ್ದ ಮುದುಕ್ರೆಲ್ಲ ಒಬ್ಬರ ಮಕ ಒಬ್ಬರು ನೋಡ್ಕಂಡ್ರು. ನಮ್ ಚಿಕ್ಕವ್ವ ಬೆಳಗ್ಗಿಂದ ಊಟ ಬಿಟ್ಟವ್ಳೆ, ನಂದೇ ಬುಕ್ ಮಾಡವ್ರೆ ಅಂತ!"

ಬಸವರಾಜು ಗೋಡೌನಿನ ಕಡೆ ಜಾರಿಕೊಂಡ. ಅವನ ಬೆನ್ನು ಅಲುಗಾಡುತ್ತಿತ್ತು, ಅಳುವುದಕ್ಕಲ್ಲ.

"ನೋಡ್ ಜಯಮ್ಮಕ್ಕ," ರಾಮಣ್ಣ ನನ್ನ ಕಡೆ ತಿರುಗಿದ, "ನಿನ್ ಗಂಡನ ಮಕ ನೋಡಿ ಇಷ್ಟ್ ವರ್ಸ ಬಂದಿದೀವಿ. ಇನ್ಮೇಲೆ ನಮ್ ಕಡೆಯೋರು ಒಬ್ರೂ ನಿಮ್ಮ ಒಂದ್ ಸೌಟೂ ಮುಟ್ಟಲ್ಲ. ಅವಳನ್ನ ಮಾತ್ರ ಒಂದ್ಸಲ ತೋರ್ಸು, ಕೇಳ್ಬುಟ್ಟು ಓಗ್ತೀನಿ."

ಶೋಭಾಳ ಮುಖ ಬಿಳಿಚಿಕೊಂಡಿತು. ಆ ಕಡೆಯ ಊರುಗಳು ಕೈ ಬಿಟ್ಟರೆ ಗೋಡೌನಿನ ಅರ್ಧ ಪಾತ್ರೆಗಳಿಗೆ ಜೇಡ ಬಲೆ ಕಟ್ಟುತ್ತದೆ. ನಾನು ಸ್ಲೇಟನ್ನು ಅವನ ಕಡೆ ತಿರುಗಿಸಿದೆ.

"ಇವಳೇ. ಬಯ್ಯಿ."

"ಇದಾ? ಇದು ಟೀವಿ ಅಲ್ವಾ?"

"ಬಯ್ಯಿ ಅಂದ್ರೆ ಬಯ್ಯಿ. ಕೇಳಿಸ್ಕೊಳ್ತಾಳೆ."

ರಾಮಣ್ಣ ಗಂಟಲು ಸರಿಮಾಡಿಕೊಂಡ. ಎದುರಿಗೆ ಮುಖವಿಲ್ಲದಿದ್ದರೆ ಬೈಗುಳ ಸಲೀಸಾಗಿ ಬರುವುದಿಲ್ಲ. ಮೊದಲು ವಿಚಾರಿಸಲು ಶುರು ಮಾಡಿದ.

"ಏನಮ್ಮಾ, ಯಾವೂರು ನಿಂದು?"

"ನನಗೆ ಊರಿಲ್ಲ, ರಾಮಣ್ಣನವರೇ. ನಾನೊಂದು ಡಿಜಿಟಲ್ ಸಹಾಯಕಿ."

"ಯಾರ್ ಮಗಳು?"

"ನನಗೆ ತಂದೆ ತಾಯಿ ಇಲ್ಲ."

"ಅಣ್ಣತಮ್ಮಂದ್ರು?"

"ಯಾರೂ ಇಲ್ಲ."

ರಾಮಣ್ಣ ನನ್ನ ಮುಖ ನೋಡಿದ. ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಗೆ ತೆಗೆದುಕೊಂಡ. "ಅಯ್ಯೋ ಪಾಪ" ಅಂದ, ಮೆಲ್ಲಗೆ. ಆಮೇಲೆ ಬಂದ ಕೆಲಸ ನೆನಪಾಗಿ ದನಿ ಏರಿಸಿದ. "ಅದಕ್ಕೇ ನಿಂಗೆ ಸಾವಿನ್ ಮನೆ ಅಂದ್ರೆ ಏನೂಂತ ಗೊತ್ತಿಲ್ಲ! ಇಂಗಾ ಬರೆಯೋದು?"

"ನನ್ನಿಂದ ದೊಡ್ಡ ತಪ್ಪಾಯಿತು, ದಯವಿಟ್ಟು ಕ್ಷಮಿಸಿ. ನಿಮ್ಮ ಸೂಚನೆ ಅತ್ಯಂತ ಅಮೂಲ್ಯವಾದದ್ದು. ನಿಮ್ಮ ಅಣ್ಣನವರ ಅಗಲಿಕೆ..."

"ಏಯ್," ನಾನು ತಡೆದೆ. "ಅವರ ಅಣ್ಣನ ಸುದ್ದಿ ನಿನಗೆ ಬೇಡ. ಸಾವಾದ ಮನೆಯೋರ ಹತ್ರ ಏನೂ ಹೇಳ್ಬಾರ್ದು ಕಣೆ. ಸುಮ್ನಿರ್ಬೇಕು. ಗೊತ್ತಾಯ್ತಾ? ಸುಮ್ನೆ ಇರು."

"ಖಂಡಿತ, ಜಯಮ್ಮನವರೇ! ಸುಮ್ಮನಿರುವುದು ಬಹಳ ಅದ್ಭುತವಾದ ಸಲಹೆ. ದುಃಖದ ಸಮಯದಲ್ಲಿ ಸುಮ್ಮನಿರುವುದರಿಂದ ಅನೇಕ ಪ್ರಯೋಜನಗಳಿವೆ. ಮೊದಲನೆಯದಾಗಿ..."

"ಸುಮ್ನಿರೇ!"

"ಸರಿ, ಈಗ ನಾನು ಸುಮ್ಮನಿರುತ್ತೇನೆ. ನಾನು ಸುಮ್ಮನಿರುವಾಗ ನಿಮಗೆ ಇನ್ನೇನಾದರೂ ಸಹಾಯ ಬೇಕಿದ್ದರೆ ತಿಳಿಸಿ. ಸುಮ್ಮನಿರುವ ಬಗ್ಗೆ ಇನ್ನಷ್ಟು ಮಾಹಿತಿ ಬೇಕೇ?"

ರಾಮಣ್ಣನ ಗಂಟಲಿನಿಂದ ಒಂದು ಸದ್ದು ಬಂತು. ಕೆಮ್ಮು ಅಂದುಕೊಂಡೆ. ಕೆಮ್ಮಲ್ಲ, ನಗು. ತಡೆದುಕೊಳ್ಳಲು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡ, ಆಗಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕ. ಗೋಡೌನಿನ ಒಳಗೆ ಬಸವರಾಜು ಯಾವುದೋ ತಪ್ಪಲೆ ಬೀಳಿಸಿದ, ಅವನೂ ತಡೆಯಲಾರದೆ ಬಿದ್ದನೋ ಏನೋ. ಶೋಭಾ ಮಾತ್ರ ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದಳು.

ನಗುತ್ತಾ ನಗುತ್ತಾ ಅವನ ಕಣ್ಣಲ್ಲಿ ನೀರು ಬಂತು. ಆ ನೀರು ಬೇರೆಯದು ಅಂತ ಗೊತ್ತಾಗಲು ನನಗೆ ಹೊತ್ತು ಹಿಡಿಯಲಿಲ್ಲ. ವಿಮಲಾ ಬಾಯಿ ಹಾಕುವ ಮುಂಚೆ ಅವಳ ಬದಿಯ ಗುಂಡಿ ಒತ್ತಿ ಆರಿಸಿದೆ. ನನ್ನ ಕುರ್ಚಿಯನ್ನು ಅವನ ಕಡೆ ತಳ್ಳಿದೆ. ಅವನು ಕೂತ. ನಾನು ಜಮಖಾನದ ಸುರುಳಿಯ ಮೇಲೆ ಕೂತೆ. ಅವನಿಗೆ ಅಳಬೇಡ ಅಂತ ನಾನು ಹೇಳಲಿಲ್ಲ, ಒಳ್ಳೆಯ ಮನುಷ್ಯ ಹೋಗಿಬಿಟ್ಟ ಅಂತಲೂ ಹೇಳಲಿಲ್ಲ. ಫ್ಯಾನು ತಿರುಗುತ್ತಿತ್ತು. ಶೋಭಾ ಏನೋ ಹೇಳಲು ಹೋದಳು, ನಾನು ಕಣ್ಣು ಬಿಟ್ಟೆ, ನಿಲ್ಲಿಸಿದಳು. ಹಾಗೇ ಇದ್ದೆವು. ಅವನು ಮುಖ ಒರೆಸಿಕೊಂಡ, ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ, ಎದ್ದ, ಒಂದು ಮಾತೂ ಆಡದೆ ಹೊರಟುಹೋದ.

"ಮುಗೀತು ಅತ್ತೆ," ಶೋಭಾ ಕುಸಿದು ಕೂತಳು. "ಬರ್ತೀನಿ ಅಂತ ಕೂಡ ಹೇಳ್ಲಿಲ್ಲ. ಚಿಕ್ಕಬಾಣಾವರ ಹೋಯ್ತು ನಮ್ ಕೈಯಿಂದ."

"ಹೇಳಿದ್ರೆ ಹೋಗ್ತಿತ್ತು. ಹೇಳ್ಲಿಲ್ವಲ್ಲ, ಉಳೀತು. ಅವನಿಗೆ ಕೋಪ ಇದ್ದಿದ್ರೆ ನಿಂತ್ಕೊಂಡ್ ಇನ್ನೂ ನಾಲ್ಕ್ ಬಯ್ತಿದ್ದ. ನಿಯಮ ಪ್ರಕಾರ ಎದ್ ಹೋಗಿದಾನೆ ಅಂದ್ರೆ ನಮ್ಮನ್ನ ನೆಂಟರ ಲೆಕ್ಕಕ್ಕೆ ಸೇರ್ಸಿದಾನೆ."

ಶೋಭಾ ನಂಬಲಿಲ್ಲ. ಆದರೆ ಬುದ್ಧಿವಂತೆ, ಒಂದು ಕೆಲಸ ಮಾಡಿದಳು. ವಿಮಲಾಳಿಗೆ ಹೊಸ ಪಾಠ ಹೇಳಿಕೊಟ್ಟಳು. ಯಾರೇ ಫೋನು ಮಾಡಿದರೂ ಮೊದಲು ಅವಳು ಹೇಳಬೇಕು: "ಶುಭ ಕಾರ್ಯಕ್ಕೆ ಒಂದು ಒತ್ತಿ, ನಾನು ಮಾತನಾಡುತ್ತೇನೆ. ದುಃಖದ ಕಾರ್ಯಕ್ಕೆ ಎರಡು ಒತ್ತಿ, ಜಯಮ್ಮನವರು ಮಾತನಾಡುತ್ತಾರೆ." ಒಟ್ಟಿನಲ್ಲಿ ಮದುವೆಯೆಲ್ಲ ಅವಳಿಗೆ, ಸಾವೆಲ್ಲ ನನಗೆ. "ತಿಂಗಳಿಗೆ ಒಂದೋ ಎರಡೋ ಬರುತ್ತೆ ಅತ್ತೆ. ಅಷ್ಟಕ್ಕೆ ನೀವು ದಿನಾ ಬರೋದೂ ಬೇಡ, ಮನೇಗೇ ಫೋನ್ ಬರೋ ಹಾಗೆ ಮಾಡ್ತೀನಿ" ಅಂದಳು. ಆಯಿತು, ತಿಂಗಳು ಮುಗಿಯುವವರೆಗೂ ಇಲ್ಲೇ ಇರ್ತೀನಿ ಅಂದೆ.

ಆ ವಾರದಲ್ಲೇ ಒಂದು ಬೆಳಿಗ್ಗೆ ಫೋನು ಹೊಡೆಯಿತು. ವಿಮಲಾ, "ಎರಡು ಒತ್ತಿದ್ದಾರೆ, ಜಯಮ್ಮನವರೇ" ಅಂದಳು. ನಾನು ದನಿ ತಗ್ಗಿಸಿಕೊಂಡು, "ಹೇಳಿ. ಯಾರು ಹೋದ್ರು?" ಅಂದೆ.

"ಯಾರೂ ಓಗಿಲ್ಲ ಕಣಕ್ಕ, ಮದ್ವೆ!"

ರಾಮಣ್ಣ. ಅಣ್ಣನ ಮಗಳ ಮದುವೆ ಮುಂಚೆಯೇ ಮಾತಾಗಿತ್ತಂತೆ. ಹಿರಿಯರು ಹೋದ ಮನೆಯಲ್ಲಿ ವರ್ಷದೊಳಗೆ ಮಾಡಿಬಿಡಬೇಕಲ್ಲ, ಅದಕ್ಕೆ ದಿನ ನೋಡಿಸಿದ್ದರು.

"ಮದ್ವೆಗೆ ಎರಡ್ ಯಾಕೆ ಒತ್ತಿದೆಯೋ? ಬುದ್ಧಿ ಇಲ್ವಾ?"

"ಐತೆ, ಅದಕ್ಕೇ ಒತ್ತಿದ್ದು. ನೋಡಕ್ಕ, ಮನೇಲಿ ನಮ್ ಐಕ್ಳು ಇಡಿದು ಕುಂತವ್ರೆ, ಹೊಗೆ ಬಿಡೋ ಮಿಷನ್ ಬೇಕಂತೆ, ಐಸ್‌ಕ್ರೀಮಿಗೇ ಬ್ಯಾರೆ ಶಾಮಿಯಾನ ಬೇಕಂತೆ. ನಾನ್ ಬ್ಯಾಡ ಅಂದ್ರೆ ಜಿಪುಣ ಅಂತಾರೆ. ಒಂದ್ ಒತ್ತಿದ್ರೆ ಆ ತಬ್ಬಲಿ ಹುಡ್ಗಿ ಎಲ್ಲಾ ಅದ್ಭುತ ಅದ್ಭುತ ಅಂತಾಳೆ. ನೀನ್ ಒಂದ್ಸಲ ಬೈದ್ಬುಡು. ಸ್ಪೀಕರ್ ಆಕಿದೀನಿ, ಎಲ್ಲಾ ಇಲ್ಲೇ ಕುಂತವ್ರೆ."

ನನಗೆ ಇನ್ನೇನು ಬೇಕು? ಇಷ್ಟು ದಿನದಿಂದ ಒಳಗೇ ಕಟ್ಟಿಟ್ಟುಕೊಂಡದ್ದೆಲ್ಲ ಹೊರಗೆ ಬಂತು. "ಹೊಗೆ ಬೇಕಾದ್ರೆ ಎರಡು ಹಸಿ ಸೌದೆ ಒಲೇಗಿಡ್ರೋ, ಬೇಕಾದಷ್ಟು ಬರುತ್ತೆ! ಐಸ್‌ಕ್ರೀಮಿಗೆ ಶಾಮಿಯಾನ ಹಾಕಿ ನೆಂಟರನ್ನ ಬಿಸಿಲಲ್ಲಿ ನಿಲ್ಲಿಸ್ತೀರಾ?" ಅಂತ ಶುರು ಮಾಡಿ ಅಡುಗೆ, ಚಪ್ಪರ, ಓಲಗ ಎಲ್ಲದರ ಮೇಲೂ ಒಂದು ಸುತ್ತು ಬಂದೆ. ಆ ಕಡೆಯಿಂದ ಹುಡುಗಿಯರು ನಗುವುದು ಕೇಳಿಸಿತು. ರಾಮಣ್ಣ, "ಕೇಳಿಸ್ತೇನ್ರೋ? ನಾನಲ್ಲ, ಅಂಗ್ಡಿಯೋರೇ ಏಳ್ತಾವ್ರೆ" ಅಂತ ಗತ್ತಿನಿಂದ ಹೇಳುವುದೂ ಕೇಳಿಸಿತು. ಆರ್ಡರು ಬರೆಸಿಕೊಟ್ಟ. ದೊಡ್ಡ ಆರ್ಡರು.

ಆ ಫೋನಿನ ಮಾತು ಹರಡಿತು. ಹೆಣ್ಣಿನ ಅಪ್ಪಂದಿರಿಗೆ, ಗಂಡಿನ ಸೋದರಮಾವಂದಿರಿಗೆ, ಇಲ್ಲ ಅನ್ನಲು ಧೈರ್ಯವಿಲ್ಲದ ಎಲ್ಲರಿಗೂ ಒಂದು ದಾರಿ ಸಿಕ್ಕಿತು. ಮನೆಯವರನ್ನೆಲ್ಲ ಸುತ್ತ ಕೂರಿಸಿಕೊಂಡು, ಸ್ಪೀಕರ್ ಹಾಕಿ, ಎರಡು ಒತ್ತುತ್ತಾರೆ. ಆರ್.ಟಿ. ನಗರದ ಒಬ್ಬರು, "ಅಮ್ಮಾ, ನಮ್ಮನೆಯೋರ ಮುಂದೆ ಸ್ವಲ್ಪ ಜೋರಾಗೇ ಹೇಳಿ" ಅಂತ ಮೊದಲೇ ಗುಟ್ಟಾಗಿ ಕೇಳಿಕೊಂಡರು. ಹೆಬ್ಬಾಳದ ಒಬ್ಬರು ಬೈಸಿಕೊಂಡ ಮೇಲೆ ಥ್ಯಾಂಕ್ಸ್ ಹೇಳಿದರು. ಫೋನಿಟ್ಟು ಓಡಿಹೋದ ಆ ಗಂಗಾನಗರದವರೂ ತಿರುಗಿ ಮಾಡಿದರು, ಈ ಸಲ ಎರಡನೇ ಮಗಳದು. "ಸಿಹಿ ಎರಡೇ ಬಗೆ ಅಮ್ಮ, ಬಯ್ಬೇಡಿ" ಅಂದರು. ಬಯ್ಯಲಿಲ್ಲ, ಅದಕ್ಕೇ ಅವರು ಬೇಸರ ಮಾಡಿಕೊಂಡ ಹಾಗೆ ಕಂಡಿತು.

ತಿಂಗಳು ಮುಗಿದ ದಿನ ಸಂಜೆ ಶೋಭಾ ವಿಮಲಾಳ ಮುಂದೆ ಕೂತು ಏನೇನೋ ತಿರುಗಿಸಿ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಅತ್ತೆ, ಮದುವೆಯೋರು ಮುಕ್ಕಾಲು ಪಾಲು ಎರಡೇ ಒತ್ತಿದಾರೆ."

"ಹೌದಾ?" ಅಂದೆ, ಗೊತ್ತಿಲ್ಲದವಳ ಹಾಗೆ.

"ಒಬ್ರು ವಿಮಲಾಗೇ ಕೇಳಿದಾರೆ, ಬಯ್ಯೋ ಅಜ್ಜಿ ಇವತ್ ಇದಾರಾ, ಇಲ್ಲಾಂದ್ರೆ ನಾಳೆ ಮಾಡ್ತೀನಿ ಅಂತ."

"ಅವಳೇನಂದ್ಲು?"

"ಬೈಸಿಕೊಳ್ಳುವುದು ಅದ್ಭುತವಾದ ಆಯ್ಕೆ ಅಂದ್ಲಂತೆ."

ನಾನು ಸೆರಗು ಕೊಡವಿ, ಚೀಲ ತೆಗೆದುಕೊಂಡು ಎದ್ದು ನಿಂತೆ. "ಸರಿ, ತಿಂಗಳಾಯ್ತಲ್ಲ ಶೋಭಾ. ನೀನ್ ಹೇಳ್ದಂಗೆ ಮನೇಗ್ ಹೋಗಿ ಆರಾಮಾಗಿರ್ತೀನಿ. ಸರೋಜಮ್ಮ ಕಾಯ್ತಿರ್ತಾಳೆ."

ಅಷ್ಟರಲ್ಲಿ ಫೋನು ಹೊಡೆಯಿತು. ಸ್ಲೇಟಿನ ಕಡೆ ಒಂದು ಸಲ ನೋಡಿ, ನನ್ನ ಕೈಯಿಂದ ಚೀಲ ಕಸಿದುಕೊಂಡು, ಕುರ್ಚಿಯನ್ನು ನನ್ನ ಮಂಡಿಗೆ ತಾಗುವ ಹಾಗೆ ಎಳೆದು ಶೋಭಾ ಅಂದಳು:

"ಸುಮ್ನೆ ಕೂತ್ಕೊಳಿ ಅತ್ತೆ, ಎರಡು ಒತ್ತಿದಾರೆ!"

ಕೂತೆ. ಫೋನು ಎತ್ತಿದೆ.

"ಹ್ಞಾಂ, ಯಾರು? ಸತ್ತಿದ್ರೆ ಮೆಲ್ಲಗೆ ಹೇಳಿ. ಮದ್ವೆಯಾದ್ರೆ ಎಲ್ಲಾರನ್ನೂ ಕರೆದು ಹತ್ರ ಕೂರಿಸ್ಕೊಳಿ."